ಪರದೆಯ ಬೆನ್ನು

ವಾಸ್ಕೋದ ಹಳೇ ಸಿನೆ ಅಲ್ವೋರಾದಾ ಕೆಡವಿ
ಈಗ ಅಲ್ಲಿ ಟೈಲ್ಸ್ ಅಂಗಡಿ.
ಮೂರು ಮೆಟ್ಟಿಲು ಮಾತ್ರ ಉಳಿದಿವೆ, ಯಾರಿಗೂ ಬೇಡದ್ದು;
ಮೀನಿನ ಪಿಯೆದಾದ್ ಅದರ ಮೇಲೆ ಬುಟ್ಟಿ ಇಡುತ್ತಾಳೆ.
ಚಿಲ್ಲರೆಗೆ ಅವಳು ನೋಟು ಬಿಡಿಸುವ ಸಪ್ಪಳಕ್ಕೆ
ಟಿಕೇಟು ಹರಿಯುತ್ತಿದ್ದ ಕಾಯ್ತಾನ್ ಮಾಮನ ಬೆರಳು ನೆನಪಾಯಿತು.

ಫಿರಂಗಿಗಳಿದ್ದಾಗ ಒಳಗೆ ಹೋಗಲು ಬೂಟು ಬೇಕಿತ್ತಂತೆ.
ಮಾಮ ಹೇಳುತ್ತಿದ್ದ: ಇದ್ದದ್ದು ಒಂದೇ ಜೋಡು,
ಪಾಯಿಖಾನೆ ಕಿಟಕಿಯಿಂದ ಹೊರಗೆ ಎಸೆದು ಎಸೆದು
ನಾಲ್ಕು ಜನ ಒಳಗಾದೆವು.
ಐದನೆಯವನ ಕಾಲು ದೊಡ್ಡದು, ಹೊರಗೇ ಉಳಿದ,
ಮುಂದೆ ಪೊಲೀಸನಾದ.

ಆಮೇಲೆ ಬೂಟು ಹೋಗಿ ಬೆಂಚು ಬಂತು.
ಬಂದರಿನಲ್ಲಿ ಅದಿರು ತುಂಬುವ ನಮ್ಮ ಮಂದಿ,
ಗಜೇಂದ್ರಗಡದವರು, ಮುದ್ದೇಬಿಹಾಳದವರು,
ಕೂತಲ್ಲೆಲ್ಲ ಕೆಂಪು ಬೆನ್ನು ಬಿಟ್ಟು ಏಳುತ್ತಾರೆಂದು
ಮಾಲೀಕ ಅವೆಲಿನು ಮುಂದಿನ ನಾಲ್ಕು ಸಾಲಿನ ಕುರ್ಚಿ ಕಿತ್ತು
ಹಲಗೆ ಹೊಡೆಸಿದ.
ಹೊಡೆದವನೂ ನಮ್ಮವನೇ, ಬಡಿಗೇರ ಮೌನೇಶ.
ಮೊದಲು ಕೂತು ನೋಡಿದವನೂ ಅವನೇ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕನ್ನಡ ಆಟ.
ಹುಬ್ಬಳ್ಳಿಯಿಂದ ಡಬ್ಬಿ ರೈಲಿನಲ್ಲಿ ಇಳಿಯಬೇಕು,
ಘಟ್ಟದಲ್ಲಿ ಮಣ್ಣು ಕುಸಿದರೆ ಕಾಯಬೇಕು.
ಒಮ್ಮೆ ಎರಡನೆಯ ರೀಲು ಲೋಂಡಾದಲ್ಲೇ ಉಳಿದು
ಮದುವೆಯಿಲ್ಲದೆ ಸೀದಾ ಬಾಣಂತನ.
ಗದ್ದಲವೋ ಗದ್ದಲ. ಮೇಲಿನ ಕಿಂಡಿಯಿಂದ ಇನಾಸ್ ಕೈಮುಗಿದ.
ಹೆಂಗಸರ ಕಡೆಯಿಂದ ಒಬ್ಬಳು ಕೂಗಿದಳು:
"ಇರಲಿ ಬಿಡ್ರೋ, ನಂದೂ ಹಂಗ ಆಗೇತಿ."

ನನ್ನವ್ವ ಫಕೀರವ್ವ ಅಲ್ಲಿ ಕಸ ಹೊಡೆಯುವವಳು.
ಚೌತಿಗೆ ಮುಂಚೆ ಸೋಡಾ ಕಲಸಿ ಪರದೆ ತೊಳೆಯುವವಳೂ ಅವಳೇ.
ಏಣಿ ಗಿಡ್ಡ, ಮೇಲಿನ ಎರಡು ಮೊಳ ಎಟುಕದು;
ಅದಿರಿನ ಧೂಳು ಅಲ್ಲೇ ಕೂತು
ಯಾವ ಹೀರೋ ಬಂದರೂ ಹಣೆ ಕೆಂಪು.

ನಮಗೆ ಟಿಕೇಟಿಲ್ಲ, ಪರದೆಯ ಹಿಂದೆ ಜಾಗ.
ಗೋಣಿಚೀಲ ಹಾಸಿ, ಇಲಿಗಳಿಗೆ ಕಾಲು ಕೊಟ್ಟು,
ಬಟ್ಟೆಯ ಬೆನ್ನಿನಿಂದ ನೋಡಿದೆವು ಹದಿನಾಲ್ಕು ವರ್ಷ.
ಅಲ್ಲಿ ಎಲ್ಲರೂ ಎಡಚರು.
ಅಕ್ಷತೆಗೆ ಎಡಗೈ, ಹೊಡೆದಾಟಕ್ಕೆ ಎಡಗೈ,
ಸಾಯುವವನ ಬಾಯಿಗೆ ನೀರು ಬಿಡಲೂ ಎಡಗೈ.
"ಸಿನಿಮಾ ಮಂದಿ, ಅವರ ಪದ್ಧತಿ ಬ್ಯಾರೆ" ಅನ್ನುತ್ತಿದ್ದಳು ಅವ್ವ.

ನನ್ನ ಶಾಲೆ ಮರಾಠಿ, ಓಣಿ ಕೊಂಕಣಿ.
ಕನ್ನಡ ಅಕ್ಷರ ಕಲಿತದ್ದು ಆ ಬಟ್ಟೆಯ ಮೇಲೆ, ತಿರುವುಮುರುವು.
ಕಡೆಗೆ ಬರುವ ಶುಭಂ
ನನಗೆ ಸೊನ್ನೆಯಿಂದ ಸುರುವಾಗುತ್ತಿತ್ತು.
ಅಜ್ಜಿಗೆ ಬರೆದ ಮೊದಲ ಕಾಗದ ಊರಲ್ಲಿ ಯಾರಿಗೂ ತಿಳಿಯಲಿಲ್ಲ;
ಹಡಪದ ರಾಚಪ್ಪ ಒಬ್ಬನೇ ಓದಿ ಹೇಳಿದನಂತೆ,
ಅಂಗಡಿಯ ಕನ್ನಡಿಗೆ ಹಿಡಿದು.

ಸೀಟಿನ ಕೆಳಗೆ ಸಿಕ್ಕಿದ್ದನ್ನು ಅವ್ವ ಎಸೆಯುತ್ತಿರಲಿಲ್ಲ:
ಒಂಟಿ ಕಾಲುಚೈನು, ಮಗುವಿನ ಹಾಲುಹಲ್ಲು,
ಯಾವ ಹಡಗಿನವನದೋ ತೂತಿನ ನಾಣ್ಯ.
ಒಮ್ಮೆ ಒಂದು ಚೀಟಿ. ಓದು ಅಂದಳು.
ತಿರುವಿ, ಬಲ್ಬಿನ ಬೆಳಕಿಗೆ ಹಿಡಿದು ಓದಿದೆ:
'ಇವತ್ತೂ ನೀ ಬರಲಿಲ್ಲ.'
ಮುಂದೆ ಎಷ್ಟೋ ಭಾನುವಾರ
ಆ ಸಾಲನ್ನು ಅವಳು ಎಲ್ಲಕ್ಕಿಂತ ಕೊನೆಗೆ ಗುಡಿಸಿದಳು.

ಕಡೇ ಆಟದ ದಿನ
ಅವೆಲಿನುವಿನ ಮಗ, ಲಿಸ್ಬನ್ನಿನಿಂದ ಮಾರಲೆಂದೇ ಬಂದವನು,
ಅವ್ವನ ಕೈ ಹಿಡಿದು ಬಾಲ್ಕನಿಗೆ ಕರೆದೊಯ್ದ.
ನಟ್ಟನಡುವಿನ ಸೀಟು, ಕೈಗೊಂದು ನಿಂಬೆ ಸೋಡಾ.
ಅವ್ವ ಸೆರಗಿನಿಂದ ಸೀಟು ಒರೆಸಿ
ತುದಿಯಲ್ಲಿ ಕೂತಳು.

ಇಂಟರ್ವಲ್ಲಿಗೆ ನೋಡಿದರೆ ಸೀಟು ಖಾಲಿ,
ಸೋಡಾ ಹಾಗೇ ಇದೆ.
ಹುಡುಕಿ ಹೋದೆ. ಗೋಣಿಚೀಲದ ಮೇಲೆ ಸಿಕ್ಕಳು.
"ಅಲ್ಲಿಂದ ಎಲ್ಲಾ ಉಲ್ಟಾ ಕಾಣತೈತಿ" ಅಂದಳು,
ಸರಿದು ನನಗೂ ಜಾಗ ಮಾಡುತ್ತ.